ಒಂದು ‘ರ’ದ ಮರ್ಯಾದೆ

ಬಾಗಲಕೋಟೆಯ ಕಿಲ್ಲಾದಲ್ಲಿ ನಮಗೆ ಬಾಡಿಗೆಗೆ ಸಿಕ್ಕ ಮನೆಯಲ್ಲಿ ಒಳಗೇ ನಳವಿತ್ತು. ಈ ವಾಕ್ಯವನ್ನು ಓದುಗರು ದಯವಿಟ್ಟು ಇನ್ನೊಮ್ಮೆ ಓದಬೇಕು. ನಾನು ಹೇಳಹೊರಟ ಅನರ್ಥಗಳೆಲ್ಲ ನಡೆಯುತ್ತಿದ್ದಾಗ ನನ್ನ ಜೀವ ಬೇರೆಲ್ಲೂ ಇರಲಿಲ್ಲ, ಆ ನಳದ ತೋಟಿಯಲ್ಲಿತ್ತು.

ಎಪ್ಪತ್ತೆಂಟನೆಯ ಇಸವಿ. ಮದುವೆಯಾದ ಆರು ವರ್ಷಗಳಲ್ಲಿ ನಾನು ನಾಲ್ಕು ಮನೆ ಕಂಡಿದ್ದೆ. ನಾಲ್ಕೂ ಕಡೆ ಬೀದಿ ನಳದ ಮುಂದೆ ಕೊಡಗಳ ಸಾಲಿನಲ್ಲಿ ನಿಂತು, ಧಾರವಾಡದಲ್ಲಿ ಬಿ.ಎ.ಗೆ ಓದಿದ ಕನ್ನಡ ಅಲ್ಲಿ ಕೆಲಸಕ್ಕೆ ಬಾರದೆ, ಬೇರೊಂದು ಕನ್ನಡವನ್ನು ಕಲಿತಿದ್ದೆ. ಐದನೆಯ ಮನೆಯಲ್ಲಿ ಬಚ್ಚಲಿಗೆ ಹೋಗಿ ತೋಟಿ ತಿರುಗಿಸಿದೆ, ನೀರು ಬಂತು. ನಾನು ಅತ್ತುಬಿಟ್ಟೆ. ನಮ್ಮವರು ಗಾಬರಿಯಾಗಿ, “ಯಾಕ, ಬಿಸಿನೀರು ಬರಬೇಕಿತ್ತೇನು?” ಎಂದು ಕೇಳಿದರು. ಇದರಿಂದ ನಮ್ಮವರ ಸ್ವಭಾವ ತಿಳಿದೀತು. ಹೆಸರು ಅಮಾತೆಪ್ಪ, ಕೃಷಿ ಖಾತೆಯಲ್ಲಿ ಕಾರಕೂನರು.

ಮನೆ ಹಳೆಯದು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಕರಿಹಿಡಿದ ಕಂಬಗಳು, ಬಂದವರೆಲ್ಲ ಹಣೆ ಬಡಿದುಕೊಂಡೇ ಒಳಬರುವಂಥ ಗಿಡ್ಡ ಬಾಗಿಲು. ಹೇಗಿದ್ದರೂ ಅಣೆಕಟ್ಟಿನ ನೀರಿನಲ್ಲಿ ಮುಳುಗಡೆಯಾಗುವ ಊರೆಂದು ಯಾರೂ ಯಾವುದನ್ನೂ ರಿಪೇರಿ ಮಾಡುತ್ತಿರಲಿಲ್ಲ. ಮಾಳಿಗೆಯ ಮಣ್ಣು ಊಟದ ತಾಟಿನಲ್ಲಿ ಉದುರುತ್ತಿತ್ತು. ಎದುರಿಗೆ ಮುನ್ಸಿಪಾಲ್ಟಿಯ ಬಾಗ. ಅದರಲ್ಲಿ ನಾಲ್ಕು ಸಿಮೆಂಟಿನ ಬೆಂಚು, ನೀರು ಚಿಮ್ಮಿದ್ದನ್ನು ಯಾರೂ ನೋಡಿರದ ಒಂದು ಕಾರಂಜಿ, ಗುಲಾಬಿ ಗಿಡಗಳನ್ನು ತಿನ್ನಲು ಬರುವ ಆಡುಗಳು, ಮತ್ತು ಕಂಬದ ಮೇಲೊಂದು ರೇಡಿಯೋ. ಸಂಜೆ ಆರಕ್ಕೆ ಜವಾನ ಬಂದು ಅದನ್ನು ಹಚ್ಚುತ್ತಿದ್ದ. ಕಿಲ್ಲಾದ ಮುದುಕರೆಲ್ಲ ಧಾರವಾಡದ ಕೃಷಿವಾರ್ತೆ ಕೇಳುತ್ತ, ನಮ್ಮ ಬಾಗಿಲ ಕಡೆ ಮುಖ ಮಾಡಿ ಕೂಡುತ್ತಿದ್ದರು. ಕಾರಂಜಿಯ ಕಡೆ ನೋಡುವಂಥದೇನೂ ಇರಲಿಲ್ಲ.

ಮನೆಯೊಡತಿ ಗುರುಲಿಂಗವ್ವ. ಎಪ್ಪತ್ತರ ಹೆಂಗಸು, ಹುನಗುಂದದಲ್ಲಿ ಮಗಳ ಮನೆಯಲ್ಲಿರುತ್ತಿದ್ದರು. ನಮಗಿಂತ ಮೊದಲಿದ್ದವನು ಪಡಸಾಲೆಯಲ್ಲಿ ಇಸ್ಪೀಟು ಆಡಿಸಿ, ಪೊಲೀಸರು ಬಂದು, ಓಣಿಯಲ್ಲಿ ಅವರ ಮನೆತನದ ಮರ್ಯಾದೆ ಹೋಗಿತ್ತು. ಅದಕ್ಕೆ ಕೀಲಿಕೈ ಕೊಡುವಾಗ ಒಂದೇ ಷರತ್ತು ಹಾಕಿದರು.

“ನೋಡವಾ ಇಂದ್ರಾಬಾಯಿ, ಬಾಗಲಾಗ ನಾಲ್ಕ ಜೋಡ ಚಪ್ಪಲಿ ತನಕ ಸಂಸಾರ. ಐದನೇ ಜೋಡ ಕಂಡ್ರ ಅದು ಇಸ್ಪೀಟ. ನಾ ಹೇಳಿ ಬರಾಕಿ ಅಲ್ಲ. ಬರತೇನಿ, ಎಣಿಸತೇನಿ, ಗಂಟು ಕಟ್ಟಸತೇನಿ.”

ನಾವಿಬ್ಬರೇ ಇದ್ದೆವು, ಎರಡು ಜೋಡಿ. ಮೂರನೆಯ ನೆಂಟ ಬಂದರೆ ಅವನ ಚಪ್ಪಲಿಯನ್ನು ನಾನೇ ಒಳತಂದು ಬೀಸುವ ಕಲ್ಲಿನ ಹಿಂದೆ ಇಡುತ್ತಿದ್ದೆ. ಹೀಗೆ ಎಂಟು ತಿಂಗಳು ಸುಖವಾಗಿ ಕಳೆದವು.

ಅಷ್ಟರಲ್ಲಿ ನನ್ನ ಅಕ್ಕನ ಗಂಡ ಬಂಡೆಪ್ಪನವರು ಸ್ಟೇಶನ್ ಕಡೆ ಹೊಸ ಮನೆ ಕಟ್ಟಿಸಿದರು. ವಾಸ್ತುಶಾಂತಿಯ ದಿನ ಬಂದವರನ್ನೆಲ್ಲ ಊಟಕ್ಕೆ ಬಿಡುವ ಮೊದಲು ಬಾಗಿಲ ಪಕ್ಕದ ಕಲ್ಲಿನ ಮುಂದೆ ನಿಲ್ಲಿಸುತ್ತಿದ್ದರು. ಇಳಕಲ್ಲಿನ ಕೆಂಪು ಕಲ್ಲು. ಅದರಲ್ಲಿ ‘ಬಂಡೆಪ್ಪ ನಿಲಯ’ ಎಂದು ಕೆತ್ತಿಸಿದ್ದರು.

“ಅಮಾತೆಪ್ಪಾ, ಮುಟ್ಟಿ ನೋಡೋ. ಪಾಲಿಶ್ ನೋಡು. ಮಾರಿ ಕಾಣತೈತಿ.”

ನಮ್ಮವರು ಮುಟ್ಟಿ ನೋಡಿದರು. ತಮ್ಮದೇ ಮುಖ ಕಂಡಿತು. ಅದು ಬಹಳ ಸಣ್ಣದಾಗಿತ್ತು.

“ನಿಮ್ಮ ಕಿಲ್ಲಾದ್ದು ಭಾಳ ಹಳೇ ಮನಿ ಅಂತಲ್ಲ?” ಎಂದರು ಬಂಡೆಪ್ಪನವರು, ಹತ್ತು ಜನರ ಮುಂದೆ. “ನಮ್ಮಾಕಿ ಹೇಳತಿದ್ಲು, ಸಾರಿನ್ಯಾಗ ಮಣ್ಣ ಬೀಳತೈತಂತ. ಉಪ್ಪ ಹಾಕೂದ ಬ್ಯಾಡ ಹಂಗಾರ!”

ಹತ್ತು ಜನ ನಕ್ಕರು. ನಮ್ಮವರು ನಗಲಿಲ್ಲ. ಗಂಟಲು ಸರಿಮಾಡಿಕೊಂಡು, “ಹಳೇದಲ್ರಿ ಅದು. ಪುರಾತನ” ಎಂದರು.

ಹಳೆಯದಕ್ಕೂ ಪುರಾತನಕ್ಕೂ ವ್ಯತ್ಯಾಸವಿದೆ. ಹಳೆಯ ಮನೆಯ ಮಣ್ಣು ಉದುರುತ್ತದೆ. ಪುರಾತನ ಮನೆಯದೂ ಉದುರುತ್ತದೆ. ಆದರೆ ಅದನ್ನು ಹೆಂಡತಿ ತಲೆಯೆತ್ತಿಕೊಂಡು ಗುಡಿಸಬೇಕು. ಆ ದಿನ ಮನೆಗೆ ಬರುವ ದಾರಿಯುದ್ದಕ್ಕೂ ನಮ್ಮವರು ಅದೇ ಶಬ್ದವನ್ನು ಬಾಯಲ್ಲಿ ಪೆಪ್ಪರಮಿಂಟಿನಂತೆ ಹೊರಳಿಸುತ್ತ ಬಂದರು. ಮರುದಿನ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಖಾಸಿಂಸಾಬರಿಗೆ ಬೋರ್ಡ್ ಬರೆಯಲು ಹೇಳಿದರು. ‘ಪುರಾತನ ಮನೆ’. ಇಷ್ಟೇ. ಇಷ್ಟರಲ್ಲಿ ತಪ್ಪಾಗಲು ಜಾಗವೆಲ್ಲಿದೆ ಎಂದು ನಾನೂ ಸುಮ್ಮನಿದ್ದೆ.

ಖಾಸಿಂಸಾಬರು ಲಾರಿಗಳ ಹಿಂದೆ ನವಿಲು, ಕಮಲ, ನಂಬರು ಬರೆಯುವವರು. ಅಕ್ಷರ ಮುತ್ತು. ಎಣ್ಣೆಡಬ್ಬಿಯ ತಗಡನ್ನು ಬಡಿದು ಸಪಾಟು ಮಾಡಿ, ನೀಲಿ ಬಣ್ಣ ಬಳಿದು, ಬಿಳಿ ಅಕ್ಷರ ಬರೆದು, ನಾನು ಸಂತೆಗೆ ಹೋದಾಗ ಬಾಗಿಲ ಮೇಲೆ ಮೊಳೆ ಹೊಡೆದೂ ಬಿಟ್ಟಿದ್ದರು. ಬಂದು ತಲೆಯೆತ್ತಿ ನೋಡಿದೆ. ಕೈಯಲ್ಲಿದ್ದ ಬದನೆಕಾಯಿ ಚೀಲ ಜಾರಿತು.

‘ಪುರಾತನರ ಮನೆ.’

“ಖಾಸಿಂಸಾಬ್, ಇದರಾಗ ಒಂದ ‘ರ’ ಹೆಚ್ಚಾಗೇತಲ್ರಿ!”

“ಹೆಚ್ಚಾಗಿಲ್ರಿ ಬಾಯಾರ, ಹಾಕೀನಿ,” ಎಂದರು ಖಾಸಿಂಸಾಬರು ಕುಂಚ ಒರೆಸುತ್ತ. “ಸಾಹೇಬರು ಪುರಾತನ ಅಂತ ಬರೇ ಒಂಟೀಲೆ ಹೇಳಿದ್ರು. ಸರಕಾರಿ ನೌಕರಿ ಮಂದಿ ಮನೀಗೆ ಹಂಗ ಏಕವಚನದಾಗ ಬರೀಲೇನ್ರಿ? ಓಣ್ಯಾಗ ಏನ ಅಂತಾರ? ಜಾಗಾನೂ ಉಳದಿತ್ತು. ಒಂದ ‘ರ’ ಹಾಕಿ ಮರ್ಯಾದಿ ಕೊಟ್ಟೀನಿ. ಅದಕ್ಕ ರೊಕ್ಕ ಹಿಡದಿಲ್ಲ.”

ನಾನು ನಮ್ಮವರಿಗೆ ಸಮಾಧಾನದಿಂದ ತಿಳಿಸಿ ಹೇಳಿದೆ. ಪುರಾತನ ಎಂದರೆ ಬಹಳ ಹಿಂದಿನದು. ಪುರಾತನರು ಎಂದರೆ ಹಾಗಲ್ಲ. ಅವರು ಅರವತ್ಮೂರು ಜನ ಶಿವಭಕ್ತರು, ಶರಣರೇ ಕೈಮುಗಿದು ನೆನೆದವರು. ಈ ಊರಲ್ಲಿ ಅವರ ಪುರಾಣ ಕೇಳದ ಕಿವಿಯಿಲ್ಲ. ಒಂದು ಅಕ್ಷರದಿಂದ ನಾವು ಅವರ ಮನೆಯಲ್ಲಿ ಬಾಡಿಗೆಗಿದ್ದಂತಾಗಿದೆ.

“ಇರ್ಲಿ ಬಿಡ,” ಎಂದರು ನಮ್ಮವರು ಬೋರ್ಡನ್ನು ಕಣ್ತುಂಬ ನೋಡುತ್ತ. “ಅಷ್ಟ ಲಕ್ಷ್ಯ ಕೊಟ್ಟು ಓದೋರು ಯಾರು?”

ಎದುರಿನ ಬಾಗದಲ್ಲಿ ನಾಲ್ಕು ಬೆಂಚಿನ ಮೇಲೆ ಹದಿನಾರು ಜನ ಕೂತು ಓದುತ್ತಿದ್ದರು.

ಮೊದಲು ಎದ್ದು ಬಂದವರು ಸಂಗಯ್ಯನವರು, ಕನ್ನಡ ಸಾಲೆಯ ನಿವೃತ್ತ ಮಾಸ್ತರರು. ಗಾಜಿನ ಬುಡದಂಥ ಕನ್ನಡಕ. ಓಣಿ ದಾಟಿ, ಚಪ್ಪಲಿ ಕಳಚಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ತಲೆ ಬಾಗಿಸಿಯೇ ಒಳಬಂದರು. ಆ ಬಾಗಿಲಲ್ಲಿ ಹಣೆ ಬಡಿಯದ ಮೊದಲ ಅತಿಥಿ ಅವರೇ.

“ಅಮಾತೆಪ್ಪನೋರ, ಮೂವತ್ತ ವರ್ಷ ಈ ಓಣ್ಯಾಗ ಅದೇನಿ, ಇವತ್ತ ಗೊತ್ತಾತ ನೋಡ್ರಿ. ಇಲ್ಲಿ ಪುರಾತನರು ಇದ್ದರೇನ್ರಿ?”

ನಾನು ಬಾಯಿ ತೆರೆದೆ. ನಮ್ಮವರು ನನಗಿಂತ ಮೊದಲು ತೆರೆದರು. ಮೊದಲಿದ್ದ ಬಾಡಿಗೆಯವರ ವಿಷಯ ಕೇಳುತ್ತಿದ್ದಾರೆಂದು ಅವರು ತಿಳಿದದ್ದು.

“ಇದ್ದರಲ್ರಿ. ಭಾಳ ಮಂದಿ ಇದ್ದು ಹೋಗ್ಯಾರ.”

ಸಂಗಯ್ಯನವರ ಕಣ್ಣಲ್ಲಿ ನೀರು ತುಂಬಿತು. “ಎಲ್ಲಾರೂನೂ?”

“ಎಲ್ಲಾರೂ ಒಮ್ಮೆಲೆ ಅಲ್ರಿ, ಒಬ್ಬರ ಹಿಂದ ಒಬ್ಬರು. ಹಿಂದಿನವರು ಅವಸರದಾಗ ಬಿಟ್ಟು ಹೋದ್ರು.”

“ಲಿಂಗೈಕ್ಯರಾದ್ರೇನ್ರಿ?”

“ಏನ್ ಆದ್ರೋ ಯಾರಿಗ್ಗೊತ್ತು. ಪೊಲೀಸ—”

“ಮಾಸ್ತರ, ಚಹಾ ತಗೋರಿ,” ಎಂದೆ ನಾನು. ಇಸ್ಪೀಟಿನ ಸುದ್ದಿ ಬಾಗಕ್ಕೆ ಹೋಗುವುದು ನನಗೆ ಬೇಕಿರಲಿಲ್ಲ. ಈಗ ಯೋಚಿಸಿದರೆ, ಆಗ ಅದನ್ನು ಹೋಗಲು ಬಿಡಬೇಕಿತ್ತು.

“ಅವರ ಕಾಲದ್ದು ಏನರೆ ಉಳದೈತೇನ್ರಿ?” ಎಂದರು ಸಂಗಯ್ಯನವರು.

“ಬಚ್ಚಲದಾಗ ಒಂದ ದೊಡ್ಡ ಕಲ್ಲೈತಿ ನೋಡ್ರಿ,” ಎಂದರು ನಮ್ಮವರು. “ಅದರ ಮ್ಯಾಲೇ ಎಲ್ಲಾರೂ ಸ್ನಾನ ಮಾಡಿದ್ದು.”

“ಮಜ್ಜನದ ಕಲ್ಲು!” ಎಂದು ಸಂಗಯ್ಯನವರು ಎದ್ದು ನಿಂತರು.

ಮರುದಿನ ಸಂಜೆ ಬಾಗಿಲಲ್ಲಿ ಹನ್ನೊಂದು ಜೋಡಿ ಚಪ್ಪಲಿ. ಅದರ ಮರುದಿನ ಇಪ್ಪತ್ತಾರು. ಕಾಯಿ, ಬಾಳೆಹಣ್ಣು, ಊದುಬತ್ತಿ. ನಾನು ಚಪ್ಪಲಿಗಳನ್ನು ಬುಟ್ಟಿಯಲ್ಲಿ ತುಂಬಿ ಹಿತ್ತಲಿಗೆ ಸಾಗಿಸುವುದು, ಹೊರಟವರು ಹಿತ್ತಲಿಗೆ ಬಂದು ತಮ್ಮದನ್ನು ಹುಡುಕುವುದು. ಖಾಸಿಂಸಾಬರ ಹೆಂಡತಿ ಮಾಬುಬಿ ಗೋಡೆಯ ಮೇಲಿಂದ ನೋಡಿ, “ಬಾಯಾರ, ಹಿಂಗ ಬುಟ್ಟಿ ಹೊತ್ತು ತಿರಗೂದಕ್ಕಿಂತ ಒಂದ ಚಪ್ಪಲಿ ಅಂಗಡಿ ಇಟ್ಟಬಿಡ್ರಿ” ಎಂದಳು.

“ನಿನ್ನ ಗಂಡನ ‘ರ’ದಿಂದ ಆದದ್ದು ಮಾಬುಬಿ ಇದೆಲ್ಲ!”

“ಮರ್ಯಾದಿ ಮಾಡಿದ್ದೂ ತಪ್ಪ ಆತೇನ್ರಿ? ನನಗ ಒಂದ ದಿನಾನೂ ‘ರ’ ಹಚ್ಚಿ ಕರದಿಲ್ಲ ಅಂವ.”

ಎಲ್ಲಕ್ಕಿಂತ ದೊಡ್ಡ ಪೀಡೆಯಾದದ್ದು ಬಚ್ಚಲಿನ ಕಲ್ಲು. ಬಸಲಿಂಗವ್ವ ಎಂಬ ಭಕ್ತೆ ಬೆಳಗಿನ ಏಳಕ್ಕೇ ಬಂದು ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ಎದುರಿಗೆ ಕೂತುಬಿಡುತ್ತಿದ್ದರು. ಮೊದಲ ದಿನ ನಮ್ಮವರು ಟವೆಲ್ ಸುತ್ತಿಕೊಂಡು ಬಚ್ಚಲಿಗೆ ಹೋದವರು ಅಲ್ಲಿ ಆರತಿ ನಡೆಯುವುದನ್ನು ಕಂಡು, ಬೇರೇನೂ ತೋಚದೆ ಕೈಮುಗಿದರು. ಕೈ ಮುಗಿದಾಗ ಟವೆಲ್ ಹಿಡಿಯುವವರು ಯಾರು? ಬಸಲಿಂಗವ್ವ ಕಣ್ಣು ಮುಚ್ಚಿದ್ದರು ಎಂಬುದೊಂದೇ ಸಮಾಧಾನ. ಅಂದಿನಿಂದ ನಮ್ಮವರ ಸ್ನಾನ ಖಾಸಿಂಸಾಬರ ಹಿತ್ತಲಲ್ಲಿ. ನನ್ನ ಸ್ನಾನ, ಭಕ್ತರು ಏಳುವ ಮೊದಲು, ನಾಲ್ಕು ಗಂಟೆಗೆ. ಮನೆಯೊಳಗೆ ನಳವಿತ್ತು. ಅದರ ಕೆಳಗೆ ಕೂಡುವ ಹಕ್ಕು ಮಾತ್ರ ಇರಲಿಲ್ಲ.

“ಇನ್ನರೆ ಖರೆ ಹೇಳಿಬಿಡ್ರಿ ಅವರಿಗೆ,” ಎಂದೆ.

“ಹೇಳತೇನಿ, ಹೇಳತೇನಿ,” ಎಂದರು ನಮ್ಮವರು. ಬಹುಶಃ ಹೇಳುತ್ತಿದ್ದರೋ ಏನೋ. ಅಷ್ಟರಲ್ಲಿ ಬಂಡೆಪ್ಪನವರು ಬಂದರು. ಬಾಗಿಲ ಹೊರಗೇ ಬೂಟು ಬಿಚ್ಚಿದರು. ಕಾಲುಚೀಲವನ್ನೂ ಬಿಚ್ಚಿದರು. ಹಣೆ ಬಡಿದುಕೊಂಡರೂ “ಶಿವಾ” ಎಂದರೇ ಹೊರತು ಮನೆಯನ್ನು ಬೈಯಲಿಲ್ಲ.

“ಅಮಾತೆಪ್ಪನವರ,” ಎಂದರು. ಅವರ ಬಾಯಿಂದಲೂ ‘ರ’ ಬಂದಿತ್ತು. “ನಮ್ಮದು ಏನ ಮನಿ ಬಿಡ್ರಿ. ಬರೇ ಕಲ್ಲು.”

ನಮ್ಮವರ ಮುಖ ನೋಡಿದೆ. ಇನ್ನು ಈ ಜನ್ಮದಲ್ಲಿ ಇವರು ಸತ್ಯ ಹೇಳುವುದಿಲ್ಲವೆಂದು ಖಾತ್ರಿಯಾಯಿತು.

ಶುಕ್ರವಾರ ಮುನ್ಸಿಪಾಲ್ಟಿಯಿಂದ ರಾಚಯ್ಯ ಬಂದ. ನಳಗಳ ದಾಖಲೆ ನೋಡುವವನು. ಕಂಕುಳಲ್ಲಿ ಉದ್ದನೆಯ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್. ಅವನೂ ಚಪ್ಪಲಿ ಬಿಟ್ಟು, ಕಲ್ಲಿಗೆ ಕೈಮುಗಿದು, ಆಮೇಲೆ ಅದರ ಮೇಲಿದ್ದ ನಳವನ್ನು ನೋಡಿ ಪುಸ್ತಕ ತೆರೆದ.

“ಇದು ಖಾಸಗಿ ನಳ ಅಂತ ಬರದೈತಿ. ಇದೇನ ಈಗ ಖಾಸಗಿ ಮನಿ ಉಳದಿಲ್ಲಲ್ರಿ ಬಾಯಾರ. ದಿನಾ ನಲವತ್ತ ಮಂದಿ ಬರತಾರ. ಸಾರ್ವಜನಿಕ ಸ್ಥಳದಾಗಿನ ನಳ ಸಾರ್ವಜನಿಕ ನಳ. ಕಾಯ್ದೆ ಐತಿ.”

“ಹಂಗಂದ್ರ?” ಎಂದೆ ನಾನು, ತೋಟಿಯ ಮೇಲೆ ಕೈಯಿಟ್ಟು.

“ಪೈಪ ಹೊರಗ ಎಳೀಬೇಕು. ಬಾಗದ ಗೇಟಿನ ಕಡೆ ಹಚ್ಚತೇವಿ. ಭಕ್ತರಿಗೂ ಆತು, ಓಣಿಗೂ ಆತು. ನಿಮಗೂ ಪುಣ್ಯ ಬಂತು. ಸೋಮವಾರ ಪ್ಲಂಬರ್‌ನ ಕರಕೊಂಡ ಬರತೇನಿ.”

ಅದೇ ಸೋಮವಾರಕ್ಕೆ ಸಂಗಯ್ಯನವರು ಇನ್ನೊಂದು ಏರ್ಪಾಡು ಮಾಡಿದ್ದರು. ಪುರಾತನರಿಗೆ ಅರವತ್ಮೂರು ಹೋಳಿಗೆ ಎಡೆ, ಅರವತ್ಮೂರು ಜನಕ್ಕೆ ಪ್ರಸಾದ. ಬೇಳೆ, ಬೆಲ್ಲ, ಹಿಟ್ಟು ಎಲ್ಲ ಬಾಗದ ಬೆಂಚಿನವರೇ ತಂದುಹಾಕಿದರು. ಮಾಡುವವರು ಯಾರೆಂದು ಯಾರೂ ಕೇಳಲಿಲ್ಲ, ಹಾಗೆ ಕೇಳುವ ಪದ್ಧತಿಯೂ ನಮ್ಮಲ್ಲಿಲ್ಲ. ಭಾನುವಾರ ಮಧ್ಯಾಹ್ನದಿಂದ ನಾನೂ ಮಾಬುಬಿಯೂ ಹೂರಣ ರುಬ್ಬಿದೆವು. ಒಬ್ಬರಿಗೆ ಒಂದೇ ಹೋಳಿಗೆ ಬಡಿಸಿದರೆ ಮನೆಯ ಮರ್ಯಾದೆ ಹೋಗುತ್ತದೆಂದು ನಮ್ಮವರು ಹೇಳಿದ್ದರಿಂದ ನೂರಾಮೂವತ್ತು ಆಗಬೇಕಿತ್ತು. ಆ ಮಾತು ಹೇಳಿ ಅವರು ಬಾಗಕ್ಕೆ ರೇಡಿಯೋ ಕೇಳಲು ಹೋದರು.

ಸೋಮವಾರ ಹನ್ನೊಂದೂವರೆ. ಪಡಸಾಲೆಯಲ್ಲಿ ಜನ ಸಾಲಾಗಿ ಕೂತಿದ್ದರು. ಸಂಗಯ್ಯನವರು ಪುರಾತನರ ಹೆಸರು ಒಂದೊಂದಾಗಿ ಹೇಳುತ್ತಿದ್ದರು, ಹದಿನೇಳಕ್ಕೆ ಬಂದಿದ್ದರು. ರಾಚಯ್ಯನೂ ಪ್ಲಂಬರನೂ ಬಚ್ಚಲಲ್ಲಿ ಪೈಪು ಅಳೆಯುತ್ತಿದ್ದರು. ಬಂಡೆಪ್ಪನವರು ನಮ್ಮವರ ಪಕ್ಕದಲ್ಲಿ, ಅವರಿಗಿಂತ ಒಂದು ಗೇಣು ಹಿಂದೆ, ಕೂತಿದ್ದರು. ಆಗ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಹೋಗಿದ್ದ ಮಾಬುಬಿಯ ದನಿ ಬಂತು.

“ಬಾಯಾರ! ಹುನಗುಂದ ಬಸ್ ಬಂತು! ನಿಮ್ಮ ಗುರುಲಿಂಗವ್ವ ಬಾಗದ ಹಿಂದಿನ ಗೇಟಿಗೆ ಬಂದಾರ! ಕೈಯಾಗ ಗಂಟೈತಿ!”

ಬಾಗಿಲಲ್ಲಿ ಐದನೆಯ ಜೋಡಿಯ ಮಾತು ಬಿಡಿ, ಚಪ್ಪಲಿಗಳು ಮೆಟ್ಟಿಲಿಳಿದು ಓಣಿಯ ಅರ್ಧಕ್ಕೆ ಹೋಗಿದ್ದವು. ಅವನ್ನು ಬುಟ್ಟಿಗೆ ತುಂಬಲು ಅರ್ಧ ದಿನ ಬೇಕು. ಆದರೆ ಬೋರ್ಡು? ಅದನ್ನಾದರೂ ತೆಗೆದರೆ, ಬಂದವರು ನೆಂಟರೆಂದೋ, ಅರಿಶಿಣ ಕುಂಕುಮವೆಂದೋ ಏನಾದರೂ ಹೇಳಬಹುದು. ಕಿತ್ತು ತೆಗೆಯೋಣವೆಂದರೆ ಖಾಸಿಂಸಾಬರು ಮರ್ಯಾದೆಗಾಗಿ ಎಂಟು ಮೊಳೆ ಹೊಡೆದಿದ್ದರು. ಎಣ್ಣೆ ಬಣ್ಣ, ನೀರಿಗೆ ಹೋಗುವುದಲ್ಲ. ಸ್ಟೋವಿನ ಪಕ್ಕ ರೇಶನ್ನಿನ ಚಿಮಣಿ ಎಣ್ಣೆಯ ಬಾಟಲಿಯಿತ್ತು, ತಿಂಗಳ ಕೊನೆಯವರೆಗೆ ಬರಬೇಕಾದದ್ದು. ಅರಿವೆಗೆ ಸುರಿದುಕೊಂಡು, ಸ್ಟೂಲ್ ಹಾಕಿ ಹತ್ತಿದೆ.

“ಎಲ್ಲಿಗೆ ಬಂದ್ರು ಮಾಬುಬಿ?”

“ಕಾರಂಜಿ ಕಡೆ ನಿಂತಾರ್ರಿ. ಆಡಿಗೆ ಬೈಯಾಕ ಹತ್ಯಾರ.”

ಪು ಹೋಯಿತು.

“ಈಗ?”

“ಜವಾನಗ ಬೈಯಾಕ ಹತ್ಯಾರ.”

ರಾ ಹೋಯಿತು. ಆಮೇಲೆ ತ. ಮುಂದಿನ ಅಕ್ಷರಕ್ಕೆ ಕೈ ಹಾಕಿದಾಗ ಅರಿವೆ ಒಣಗಿತ್ತು, ಬಾಟಲಿ ಖಾಲಿಯಾಗಿತ್ತು, ಕೆಳಗೆ ಗುರುಲಿಂಗವ್ವ ನಿಂತಿದ್ದರು.

“ಏನ ಮಾಡಾಕ ಹತ್ತೀದಿ ಮ್ಯಾಲ?”

“ಧೂಳ ಒರಸಾಕ ಹತ್ತೇನ್ರಿ ಅವ್ವಾರ.”

ಅವರ ಕಣ್ಣು ಚಪ್ಪಲಿಗಳ ಮೇಲಿತ್ತು. ಎಣಿಸುತ್ತಿದ್ದರು. ಓಣಿಯ ನಡುವಿನಿಂದ ಶುರುಮಾಡಿ, ಊರುಗೋಲಿನ ತುದಿಯಿಂದ ಒಂದೊಂದು ಜೋಡಿಯನ್ನು ತಟ್ಟುತ್ತ ಮೆಟ್ಟಿಲವರೆಗೆ ಬಂದರು. “ಐವತ್ತೆಂಟ,” ಎಂದರು. “ಐವತ್ತೆಂಟ ಜೋಡ! ಇಂದ್ರಾಬಾಯಿ, ಹಿಂದಿನಾಂವ ಕಳ್ಳ. ಅಂವ ಬರೇ ಎಂಟ ಮಂದೀನ ಕುಂದ್ರಸಿ ಆಡಸತಿದ್ದ. ನೀವು ಊರ ಕೂಡಿಸೀರಿ!”

“ಇಸ್ಪೀಟ ಅಲ್ರಿ ಅವ್ವಾರ—”

“ಮ್ಯಾಲ ಏನ ಬರಸೀರಿ ಅದು?” ಅವರು ಓದಲು ಕಲಿತದ್ದು ಮುಪ್ಪಿನಲ್ಲಿ, ಮೊಮ್ಮಗನ ಅಂಕಲಿಪಿಯಿಂದ. ಅಕ್ಷರಕ್ಕೊಮ್ಮೆ ನಿಂತು, ಅದರ ಮುಖ ಗುರುತು ಹಿಡಿದು ಮುಂದೆ ಹೋಗುತ್ತಿದ್ದರು. “ನ... ರ... ಮ... ನಿ. ನರ ಮನಿ. ನರ ಅಂದ್ರ ಏನ?”

ನಾನೂ ತಲೆಯೆತ್ತಿ ನೋಡಿದೆ. ನೀಲಿ ತಗಡಿನ ಎಡಗಡೆ ಬೂದಿಯಂಥ ಕಲೆ. ಬಲಗಡೆ ಮುತ್ತಿನಂಥ ಅಕ್ಷರ: ‘ನರ ಮನೆ.’

“ನರ ಅಂದ್ರ ಮನಷ್ಯಾರಿ,” ಎಂದೆ, ಸ್ಟೂಲಿನ ಮೇಲಿಂದಲೇ. ವ್ಯಾಕರಣದ ಪ್ರಕಾರ ‘ನರರ ಮನೆ’ ಎಂದಾಗಬೇಕಿತ್ತು. ಆದರೆ ಇನ್ನೊಂದು ‘ರ’ವನ್ನು ನೆನೆಯುವ ಧೈರ್ಯ ನನಗಿರಲಿಲ್ಲ. “ಮನಷ್ಯಾರು ಇರೂ ಮನಿ.”

“ಮತ್ತೇನ ಎಮ್ಮಿ ಇರತಾವೇನ ಈಗ?” ಎಂದು ಗುರುಲಿಂಗವ್ವ ಒಳನುಗ್ಗಿದರು.

ಸಂಗಯ್ಯನವರು ಇಪ್ಪತ್ತೆರಡನೆಯ ಹೆಸರಿಗೆ ನಿಲ್ಲಿಸಿದರು. ಮನೆಯೊಡತಿಯನ್ನು ಕಂಡು ಎದ್ದು ಕೈಮುಗಿದರು. “ತಾಯೀ, ನೀವು ಪುಣ್ಯವಂತರು. ಪುರಾತನರು ಇದ್ದ ಮನಿ ನಿಮ್ಮದು. ಅವರು ಮಜ್ಜನ ಮಾಡಿದ ಕಲ್ಲ ಇನ್ನೂ ನಿಮ್ಮ ಬಚ್ಚಲದಾಗೈತಿ. ನಾವು ಮೂವತ್ತ ವರ್ಷ ಎದುರಿಗೇ ಇದ್ದೂ ಕಣ್ಣಿದ್ದ ಕುರುಡರಾಗಿದ್ದಿವಿ.”

ಗುರುಲಿಂಗವ್ವ ಸುತ್ತ ನೋಡಿದರು. ಇಸ್ಪೀಟಿನ ಎಲೆ ಒಂದೂ ಕಾಣಲಿಲ್ಲ, ಮುಂದೆ ಇದ್ದದ್ದೆಲ್ಲ ಬಾಳೆಯೆಲೆ. ಅವರಿಗೆ ಅರ್ಧ ಕೋಪ ಇಳಿದು, ಆ ಜಾಗದಲ್ಲಿ ಆಶ್ಚರ್ಯ ಬಂತು.

“ಯಾರ ಹೇಳಿದ್ರು?”

ಐವತ್ತೆಂಟು ಜನ ನಮ್ಮವರನ್ನು ನೋಡಿದರು. ನಮ್ಮವರು ಎದುರಿನ ಕಂಬವನ್ನು ನೋಡಿದರು.

“ಸಂಗಯ್ಯಾ,” ಎಂದರು ಗುರುಲಿಂಗವ್ವ ನಿಧಾನವಾಗಿ, “ನಾ ಈ ಮನೀಗೆ ಸೊಸಿ ಆಗಿ ಬಂದಾಗ ನನಗ ಹದಿನಾಲ್ಕ ವರ್ಷ. ನಮ್ಮ ಖರೆ ಮನಿ ಆ ಕಡೆ ಇತ್ತು, ಬಿದ್ದು ಹೋತು. ಇದು ನಮ್ಮತ್ತಿ ಎಮ್ಮಿ ಕಟ್ಟೂ ಕೊಟಗಿ. ಬಾಗಲಾ ಯಾಕ ಗಿಡ್ಡ ಐತಿ ಅಂದ್ಕೊಂಡೀರಿ? ಎಮ್ಮಿ ಹಣಿ ಬಡಕೊಳ್ಳೂದಿಲ್ಲ, ತಾನ ತೆಲಿ ಬಾಗಸತೈತಿ. ಆ ಕಲ್ಲಿನ ಮ್ಯಾಲ ನಿಂದ್ರಸಿ ಅವಕ್ಕ ಮೈ ತೊಳೀತಿದ್ದೆ. ಏಳ ಎಮ್ಮಿ ಇದ್ದುವು. ಹೆಸರ ಹೇಳ್ಲೇನು?”

ಬಸಲಿಂಗವ್ವ ತಮ್ಮ ಹಣೆಯ ವಿಭೂತಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಬಂಡೆಪ್ಪನವರು ಎದ್ದು, ಕಿಸೆಯಿಂದ ಕಾಲುಚೀಲ ತೆಗೆದು, ಕೊಡವಿ ಹಾಕಿಕೊಳ್ಳುತ್ತ ಕೇಳಿದರು:

“ಅಮಾತೆಪ್ಪಾ, ಎಮ್ಮಿ ಹಳೇವೋ, ಪುರಾತನವೋ?”

‘ರ’ ಹೋಗಿತ್ತು.

ಇಷ್ಟಕ್ಕೆ ಮುಗಿಯಿತೆಂದು ನಾನು ಅಂದುಕೊಳ್ಳುವಾಗ ಬಚ್ಚಲಿಂದ ರಾಚಯ್ಯ ಪುಸ್ತಕ ಹಿಡಿದುಕೊಂಡೇ ಹೊರಬಂದ. “ಹಂಗಾರ ಇದು ಕೊಟಗಿ ಏನ್ರಿ? ಕೊಟಗಿಗೆ ಮನಿ ನಳ ಕೊಡಾಕ ಬರಂಗಿಲ್ರಿ. ದನದ ನೀರಿಗೆ ಬ್ಯಾರೆ ಕಾಯ್ದೆ ಐತಿ. ಕನೆಕ್ಷನ್ನೇ ರದ್ದು ಮಾಡಬೇಕಾಗತೈತಿ.”

ದೇವರ ಮನೆಯಾದರೂ ನಳ ಹೋಗುತ್ತದೆ, ದನದ ಮನೆಯಾದರೂ ಹೋಗುತ್ತದೆ. ಕಂಬ ಹಿಡಿದು ನಿಂತೆ.

ಗುರುಲಿಂಗವ್ವ ಅವನ ರಟ್ಟೆ ಹಿಡಿದರು. ಬಾಗಿಲ ಹೊರಗೆ ಎಳೆದೊಯ್ದರು. ಊರುಗೋಲು ಎತ್ತಿ ಬೋರ್ಡಿನ ತಗಡಿಗೆ ಟಣ್ಣೆಂದು ಬಡಿದರು.

“ಓದಲೇ.”

“ನರ... ಮನೆ,” ಎಂದ ರಾಚಯ್ಯ.

“ನರ ಅಂದ್ರ?”

“ಮನಷ್ಯಾರಿ.”

“ಎಮ್ಮಿ ಹೋಗಿ ನಲವತ್ತ ವರ್ಷ ಆತು. ಈಗ ಇಲ್ಲಿ ನರ ಅದಾರ. ದೇವರೂ ಇಲ್ಲ, ದನಾನೂ ಇಲ್ಲ. ಇದಕ್ಕೂ ಕಾಯ್ದೆ ಐತೇನ ನಿನ್ನ ಪುಸ್ತಕದಾಗ? ಇದ್ರ ಬರಕೋ.”

ರಾಚಯ್ಯ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆದುಕೊಂಡ. ಪ್ಲಂಬರನು ಪೈಪು ಬಿಚ್ಚುವ ಪಾನ ಎತ್ತಿ ಚೀಲಕ್ಕೆ ಹಾಕಿದ. ನಾನು ಆ ಸೊಟ್ಟ ಬೋರ್ಡಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆದರೆ ನೂರಾಮೂವತ್ತು ಹೋಳಿಗೆ? ಸಂಗಯ್ಯನವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, “ಎಮ್ಮಿಯೇನು, ಅದೂ ಶಿವನ ಕೂಸ. ತುಪ್ಪ ಎಲ್ಲಿಂದ ಬಂತು?” ಎಂದು ಎಲೆಯ ಮುಂದೆ ಮತ್ತೆ ಕೂತರು. ಅವರು ಕೂತದ್ದನ್ನು ನೋಡಿ ಎಲ್ಲರೂ ಕೂತರು. ಬಂಡೆಪ್ಪನವರೂ ಕಾಲುಚೀಲದಲ್ಲೇ ಕೂತರು. ಗುರುಲಿಂಗವ್ವ ನಾಲ್ಕು ಹೋಳಿಗೆ ಉಂಡು, ಕೈತೊಳೆದು, ನನ್ನನ್ನು ಬದಿಗೆ ಕರೆದರು. ಗಂಟು ಕಟ್ಟು ಎನ್ನುತ್ತಾರೆಂದು ನಾನು ಕಾದೆ.

“ಹೂರಣಾ ಹದಾ ಆಗೇತಿ,” ಎಂದರು. “ಉಣ್ಣಾಕ ಬಂದವರ ಚಪ್ಪಲಿ ಲೆಕ್ಕಕ್ಕಿಲ್ಲ. ಆದ್ರ ನಾಳೆಯಿಂದ ನಾಲ್ಕ ಜೋಡ. ಆ ಬೋರ್ಡ ಮಾತ್ರ ತಗೀಬ್ಯಾಡ. ನನಗ ಓದಾಕ ಬರತೈತಿ ಅದು.”

ಎಲ್ಲರೂ ಹೋದರು. ಯಾರ ಚಪ್ಪಲಿಯನ್ನು ಯಾರು ಮೆಟ್ಟಿಕೊಂಡು ಹೋದರೆಂಬ ಜಗಳ ಎದುರಿನ ಬಾಗದಲ್ಲಿ ಮುಂದಿನ ಗುರುವಾರದವರೆಗೆ ನಡೆಯಿತು. ಸಂಜೆ ಐದು ಗಂಟೆಗೆ, ಹಾಡು ಹಗಲಲ್ಲಿ, ನಾನು ಎಮ್ಮೆಯ ಕಲ್ಲಿನ ಮೇಲೆ ಕೂತು, ನಳ ಪೂರ್ತಿ ತಿರುಗಿಸಿ, ಅರ್ಧ ತಾಸು ಸ್ನಾನ ಮಾಡಿದೆ.

ನಮ್ಮವರು ಎರಡು ದಿನ ಬಾಗದ ಕಡೆ ಹೋಗಲಿಲ್ಲ. ಆಫೀಸಿನಲ್ಲಿ ಯಾರೋ ಅವರ ಟೇಬಲ್ಲಿನ ಮೇಲೆ ಎಮ್ಮೆಗೆ ಹಾಕುವ ಹಿಂಡಿ ಕೊಂಡ ಚೀಟಿ ಇಟ್ಟಿದ್ದರಂತೆ. ಮೂರನೆಯ ದಿನ ಬೋರ್ಡಿನ ಕೆಳಗೆ ನಿಂತು, “ಇಂದ್ರಾ, ‘ನರ ಮನೆ’ ಅಂದ್ರ ವ್ಯಾಕರಣ ತಪ್ಪಲ್ಲ?” ಎಂದು ಕೇಳಿದರು.

“ತಪ್ಪ ಖರೆ,” ಎಂದೆ ನಾನು ಅಕ್ಕಿ ಆರಿಸುತ್ತ. ಪದಗಳ ವಿಷಯದಲ್ಲಿ ಸುಳ್ಳು ಹೇಳಲು ನನಗೆ ಬರುವುದಿಲ್ಲ. “ಆದ್ರ ಇರ್ಲಿ ಬಿಡ್ರಿ. ಓದೋರು ಯಾರು?”

ಶನಿವಾರ ಸಂತೆಯಿಂದ ಬಂದೆ. ಓಣಿಯ ತಿರುವಿನಿಂದಲೇ ಮನೆಯ ಕಡೆ ನೋಡಿದೆ. ಬಾಗದ ನಾಲ್ಕೂ ಬೆಂಚಿನವರು ಎದ್ದು ನಿಂತಿದ್ದರು. ಸಂಗಯ್ಯನವರು ಕನ್ನಡಕ ಒರೆಸುತ್ತಿದ್ದರು. ನಮ್ಮ ಬಾಗಿಲಲ್ಲಿ ಖಾಸಿಂಸಾಬರು ಸ್ಟೂಲಿನಿಂದ ಇಳಿಯುತ್ತಿದ್ದರು, ನಮ್ಮವರು ಕೈಕಟ್ಟಿ ನಿಂತು ಮೇಲೆ ನೋಡುತ್ತಿದ್ದರು. ಹಳೆಯ ಕಲೆಯ ಮೇಲೆ ಹೊಸ ನೀಲಿ ಬಣ್ಣ ಬಳಿದಿದ್ದರು. ‘ನ’ ಇರಲಿಲ್ಲ. ಅದರ ಜಾಗದಲ್ಲಿ ಬೇರೊಂದು ಅಕ್ಷರ ಒದ್ದೆಯಾಗಿ ಹೊಳೆಯುತ್ತಿತ್ತು.

‘ಅರಮನೆ.’

“ಒಂದ ಅಕ್ಷರದಾಗ ವ್ಯಾಕರಣ ಸರಿ ಆತ ನೋಡು,” ಎಂದರು ನಮ್ಮವರು.

“ಇದಕ್ಕೂ ರೊಕ್ಕ ಹಿಡದಿಲ್ರಿ ಬಾಯಾರ,” ಎಂದರು ಖಾಸಿಂಸಾಬರು.

ಓಣಿಯ ಆ ತುದಿಯಿಂದ ರಾಚಯ್ಯ ಕಂಕುಳಲ್ಲಿ ಪುಸ್ತಕ ಹಿಡಿದು, ದೂರದಿಂದಲೇ ಓದುತ್ತ ಬರುತ್ತಿದ್ದ. ನಾನು ಚೀಲ ಕೆಳಗಿಟ್ಟು, ಒಳಗೆ ಹೋಗಿ, ಚಿಮಣಿ ಎಣ್ಣೆಯ ಬಾಟಲಿ ಅಲ್ಲಾಡಿಸಿ ನೋಡಿದೆ. ಖಾಲಿ. ಹಿತ್ತಲ ಗೋಡೆಯ ಹತ್ತಿರ ಬಂದು ಕರೆದೆ.

“ಮಾಬುಬಿ, ಚಿಮಣಿ ಎಣ್ಣಿ ಐತೇನವಾ ಸ್ವಲ್ಪ?”

ಗೋಡೆಯ ಮೇಲೆ ಬಾಟಲಿಯೂ ಅದರ ಹಿಂದೆ ಮಾಬುಬಿಯ ಮುಖವೂ ಮೂಡಿದವು.

“ಈ ಸಲ ಎಷ್ಟ ಅಕ್ಷರರಿ ಬಾಯಾರ?”